ಇವತ್ತಿನ ತಾರೀಖು

ಸ್ಲೈಗೋ
ಸೋಮವಾರ, 8 ಸೆಪ್ಟೆಂಬರ್ 2025

ಶೀಲಾ,

ನೀನು ಕೆಲಸದಲ್ಲಿದ್ದೀಯ, ನಾನು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ. ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ನಿನ್ನ ಕ್ಷೇಮ ಕೇಳಿದರೆ ಬೈಸಿಕೊಳ್ಳುತ್ತೇನೆ. ಎರಡನ್ನೂ ಬಿಟ್ಟು ವಿಷಯಕ್ಕೆ ಬರುತ್ತೇನೆ.

ಲಿವರ್ ಕ್ಲಿನಿಕ್ಕಿನ ನರ್ಸ್ ಬ್ರೀಡ್ ಹೇಳಿದ್ದು ನಿನಗೂ ನೆನಪಿರಬೇಕು. "ದಿನಾ ಬೆಳಗ್ಗೆ ನಾಲ್ಕು ಸಾಲು ಬರೀಲಿ. ವಾರ, ತಾರೀಖು ಹಾಕ್ಲಿ, ಕೆಳಗೆ ಸೈನ್ ಮಾಡ್ಲಿ. ಲಿವರ್ ತೆಗೀಬೇಕಾದ ಕೊಳೆ ತಲೆಗೆ ಏರ್ತಿದ್ರೆ ಮೊದ್ಲು ಕೆಡೋದು ಕೈಬರಹ. ಅಕ್ಷರ ಓಲಾಡಿದ್ರೆ, ತಾರೀಖು ತಪ್ಪಿದ್ರೆ, ಕಾಯ್ಬೇಡಿ, ಕರ್ಕೊಂಡು ಬನ್ನಿ." ಅವಳು ಕೊಟ್ಟ ಮಾದರಿ ವಾಕ್ಯ 'ಇವತ್ತು ಹವೆ ಹೇಗಿದೆ' ಎಂಬುದು. ಐವತ್ತನಾಲ್ಕು ವರ್ಷದ ಸಾಫ್ಟ್‌ವೇರ್ ಎಂಜಿನಿಯರು ದಿನವೂ ಹವೆಯ ಮೇಲೆ ಪ್ರಬಂಧ ಬರೆಯಬೇಕಂತೆ. ಅದೂ ದಿನಾ ಮಳೆ ಸುರಿಯುವ ಈ ಪರದೇಶದ ಊರಿನ ಹವೆಯ ಮೇಲೆ! ನನ್ನಿಂದಾಗದು. ಬರೆಯುವುದೇ ಆದರೆ ನಿನಗೆ ಕಾಗದ ಬರೆಯುತ್ತೇನೆ.

ಕನ್ನಡದಲ್ಲೇ ಬರೆಯುತ್ತೇನೆ. ಬ್ರೀಡ್‌ಗೆ ಇದು ಬರೀ ಸುತ್ತು ಸುತ್ತು ಗೆರೆಯಾಗಿ ಕಾಣುತ್ತದೆ. ಕೆಟ್ಟಿದೆಯೋ ಇಲ್ಲವೋ ಎಂದು ಹೇಳಬಲ್ಲವಳು ನೀನೊಬ್ಬಳೇ. ಔಷಧಿ ಕಾರ್ಖಾನೆಯಲ್ಲಿ ದಿನವಿಡೀ ತಾರೀಖು, ಸಹಿ ನೋಡುವವಳಿಗೆ ಇದೇನು ಮಹಾ.

ಒಂದೇ ಷರತ್ತು. ರಜೆಯ ದಿನ ನೀನೂ ಉತ್ತರ ಬರೆಯಬೇಕು. ಮೊದಲನೆಯದರಲ್ಲಿ ಆಗಸ್ಟ್ ತಿಂಗಳ ಆ ನಾಲ್ಕು ದಿನಗಳ ವಿಷಯ ಬರೆ. ಗುರುವಾರ ಸಂಜೆ ಟೀ ಕುಡಿದದ್ದು ನೆನಪಿದೆ. ಅದರ ನಂತರ ನೆನಪಿರುವುದು ಸೋಮವಾರದ ಆಸ್ಪತ್ರೆ ಕಿಟಕಿ. ನಡುವಿನದು ನನ್ನ ಬಳಿ ಇಲ್ಲ, ನಿನ್ನ ಬಳಿ ಇದೆ.

ಹೊಟ್ಟೆ ತೊಳೆಯುವ ಸಿರಪ್ ಕುಡಿದೆ. ಎರಡು ಸಲ ಹೋಗಿ ಬಂದೆ, ಮೂರನೆಯದಕ್ಕೆ ಕರೆ ಬರುತ್ತಿದೆ. ಏಳುತ್ತೇನೆ.

ನಿಶ್ಚಿಂತೆಯಿಂದ ಕೆಲಸ ಮಾಡು.
ಸುಬ್ರಾಯ

*

ಸ್ಲೈಗೋ
ಭಾನುವಾರ, 14 ಸೆಪ್ಟೆಂಬರ್ 2025

ರೀ,

ಒಂದು ವಾರದ ಕಾಗದಗಳನ್ನು ನೋಡಿದೆ. ನಿಮ್ಮ ಅಕ್ಷರ ಮೊದಲಿನಷ್ಟೇ ಕೆಟ್ಟದಾಗಿದೆ, ದೇವರ ದಯೆ.

ನೀವು ಮಹಡಿಯ ಮೇಲೆ ಮಲಗಿದ್ದೀರಿ, ನಾನು ಕೆಳಗೆ ಕೂತು ನಿಮಗೆ ಕಾಗದ ಬರೆಯುತ್ತಿದ್ದೇನೆ. ಯಾರಾದರೂ ನೋಡಿದರೆ ತಲೆ ಕೆಟ್ಟಿರುವುದು ನನಗೇ ಅಂದುಕೊಂಡಾರು. ಕೇಳಿದ್ದೀರಲ್ಲ, ಹೇಳುತ್ತೇನೆ.

ಶುಕ್ರವಾರ ಬೆಳಗ್ಗೆ ನೀವು ಕಾರಿನ ಕೀ ಹಿಡಿದು ಫ್ರಿಜ್ಜಿನ ಬಾಗಿಲು ತೆಗೆಯಲು ನೋಡುತ್ತಿದ್ದಿರಿ. ತಮಾಷೆ ಅಂದುಕೊಂಡು ನಕ್ಕೆ. ನೀವು ತಿರುಗಿ, "ಅಗ್ರಹಾರಕ್ಕೆ ಸಿಟಿ ಬಸ್ ಎಷ್ಟೊತ್ತಿಗೆ?" ಅಂತ ಕೇಳಿದಿರಿ. ನಾವು ಮೈಸೂರು ಬಿಟ್ಟು ಇಪ್ಪತ್ತೆರಡು ವರ್ಷವಾಗಿದೆ. ಆಗ ನಗು ನಿಂತುಹೋಯಿತು. ಆಮೇಲೆ ದಿನವಿಡೀ ನಿದ್ದೆ. ಉಸಿರಿನಲ್ಲಿ ಏನೋ ಹಳಸಿದ ಹಣ್ಣಿನ ವಾಸನೆ. ಶನಿವಾರ ಐಶು ಕಾರ್ಕ್‌ನಿಂದ ಬಂದಳು. ಅವಳನ್ನು ನೋಡಿ ಬಹಳ ಮರ್ಯಾದೆಯಿಂದ, "ಯಾರಮ್ಮ ನೀನು, ಯಾರ ಮನೆ ಹುಡುಗಿ?" ಅಂದಿರಿ. ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಹೆತ್ತ ಮಗಳ ಅಳು ನಲ್ಲಿಯ ಸದ್ದಿನಲ್ಲಿ ಮುಚ್ಚಿಹೋಗುತ್ತದೆಯೇ? ಆಂಬುಲೆನ್ಸ್ ಕರೆದೆವು. ಆಸ್ಪತ್ರೆಯಲ್ಲಿ ಡ್ರಿಪ್ಪು, ಎನಿಮಾ. ಸೋಮವಾರ ಕಣ್ಣು ಬಿಟ್ಟು ಕಾಫಿ ಕೇಳಿದಿರಿ.

ನನ್ನ ಹುಬ್ಬಿನ ಮೇಲಿನ ಗಾಯದ ಬಗ್ಗೆ ಕೇಳುತ್ತಲೇ ಇದ್ದೀರಿ. ಆಂಬುಲೆನ್ಸಿನವರಿಗೆ ದಾರಿ ಮಾಡುವ ಗಡಿಬಿಡಿಯಲ್ಲಿ ಅಲಮಾರಿಯ ಬಾಗಿಲು ಬಡಿದದ್ದು. ಎಷ್ಟು ಸಲ ಹೇಳುವುದು?

ಬಾಯಿಬಿಟ್ಟು ಹೇಳಲಾಗದ ಇನ್ನೊಂದು ಮಾತಿದೆ, ಇಲ್ಲಿ ಬರೆದುಬಿಡುತ್ತೇನೆ. ಮೇ ತಿಂಗಳಲ್ಲಿ ನಿಮ್ಮ ಕಣ್ಣು ಹಳದಿಯಾದಾಗಿನಿಂದ ನಾನು ಪಥ್ಯ ಹಿಡಿಸಿದೆನಲ್ಲ, ಬರೀ ಗಂಜಿ, ತೊವ್ವೆ ಬೇಡ, ಮೊಸರು ಬೇಡ, ಶನಿವಾರ ಒಪ್ಪೊತ್ತು ಅಂತ. ಕಾಮಾಲೆಗೆ ನಮ್ಮಮ್ಮ ಹಾಗೇ ಮಾಡುತ್ತಿದ್ದರು. ಆಸ್ಪತ್ರೆಯ ಡಯಟೀಶಿಯನ್ ಹುಡುಗಿ ಕೇಳಿ ಬೆಚ್ಚಿಬಿದ್ದಳು. ಈ ಕಾಯಿಲೆಯವರು ಹಸಿದಿರಲೇಬಾರದಂತೆ. ಹಸಿದರೆ ಮೈ ತನ್ನ ಮಾಂಸವನ್ನು ತಾನೇ ಕರಗಿಸುತ್ತದಂತೆ, ಆ ಕೊಳೆಯೇ ತಲೆಗೆ ಏರುವುದಂತೆ. ಬೇಳೆ, ಮೊಸರು ಧಾರಾಳವಾಗಿ ಕೊಡಬೇಕು, ಮಲಗುವ ಮುಂಚೆಯೂ ತಿನ್ನಿಸಬೇಕು ಅಂದಳು. ಅಂದರೆ ಮೂರು ತಿಂಗಳು ನಾನೇ ನಿಮ್ಮನ್ನು ಸೊರಗಿಸಿ ಹಾಕಿದೆ. ಭಕ್ತಿಯಿಂದ ಮಾಡಿದೆ, ಅದು ಇನ್ನೂ ಹೊಟ್ಟೆ ಉರಿಸುತ್ತದೆ.

ಕಳೆದ ವಾರ ಡಬ್ಲಿನ್‌ನವರು ನಿಮ್ಮ ಹೆಸರನ್ನು ಲಿಸ್ಟಿಗೆ ಹಾಕಿದ್ದಾರೆ. ಹೊಸ ಲಿವರ್ ಸಿಕ್ಕಿದ ದಿನ ಫೋನ್ ಬರುತ್ತದೆ. ಆ ದಿನ ನಿಮಗೆ ಸೋಂಕು ಇರಬಾರದು, ಮೈ ಗಟ್ಟಿಯಾಗಿರಬೇಕು. ಫೋನ್ ಬರುವವರೆಗೆ ನಿಮ್ಮನ್ನು ನೆಟ್ಟಗೆ ಇಟ್ಟುಕೊಳ್ಳುವುದಷ್ಟೇ ನನ್ನ ಕೆಲಸ. ಬ್ಯಾಗು ಬಾಗಿಲ ಹತ್ತಿರ ಇಟ್ಟಿದ್ದೇನೆ. ಅದರೊಳಗಿಂದ ಚಾರ್ಜರ್ ಕದಿಯಬೇಡಿ.

ಜಯಶೀಲಾ

*

ಸ್ಲೈಗೋ
ಶನಿವಾರ, 27 ಸೆಪ್ಟೆಂಬರ್ 2025

ಶೀಲಾ,

ನಿನ್ನೆ ಆಸ್ಪತ್ರೆಯಲ್ಲಿ, ಲಿವರ್ ಕೆಟ್ಟು ಹೊಟ್ಟೆಯಲ್ಲಿ ಕಟ್ಟಿಕೊಂಡಿದ್ದ ನೀರನ್ನು ಎಂಟು ಲೀಟರ್ ತೆಗೆದರು. ಪಕ್ಕದ ಮಂಚದವನು ನನ್ನನ್ನು ನೋಡಿ, ನೀನೂ ವಿಸ್ಕಿಯವನೋ ಎಂದು ಕೇಳಿದ. ಜನ್ಮದಲ್ಲಿ ಒಂದು ತೊಟ್ಟು ಕುಡಿದಿಲ್ಲ, ನನ್ನದು ಸಕ್ಕರೆ ಕಾಯಿಲೆ ಮತ್ತು ಕೊಬ್ಬು ಎಂದೆ. ಪಾಪ, ಅವನಿಗೆ ನನ್ನ ಮೇಲೆ ಕನಿಕರ ಹುಟ್ಟಿತು. ಮೈಸೂರಿನಲ್ಲಿ ನಮ್ಮವರಾರೂ ನಂಬಿಲ್ಲ, ಇವನಾದರೂ ನಂಬಿದ. ಪಥ್ಯದ ವಿಷಯ ಬಿಡು. ಬಡಿಸಿದ್ದನ್ನು ಮರುಮಾತಾಡದೆ ಉಂಡವನು ನಾನು. ನನಗೂ ಇಂಟರ್ನೆಟ್ ಇತ್ತು.

ಬೆಳಗ್ಗೆ ಐಶು ಫೋನ್ ಮಾಡಿದ್ದಳು. ನಿನ್ನ ಹುಬ್ಬಿನ ಗಾಯ ಮಾಸಿತೇ ಎಂದು ಕೇಳಿದಳು. ಅಲಮಾರಿ ಬಾಗಿಲು ತಾನೇ, ಮಾಸುತ್ತೆ ಎಂದೆ. ಅವಳು ಥಟ್ಟನೆ ಮಾತು ತಿರುಗಿಸಿದಳು. ನಮ್ಮ ಮಗಳು ಇಪ್ಪತ್ತು ವರ್ಷದಲ್ಲಿ ನನ್ನ ಹತ್ತಿರ ಮಾತು ತಿರುಗಿಸಿದ್ದು ಇದೇ ಮೊದಲು. ನಾನು ಒತ್ತಿ ಒತ್ತಿ ಕೇಳಿದೆ.

ಆಗಸ್ಟ್ ತಿಂಗಳ ಆ ಶನಿವಾರ ನೀನು ಸಿರಪ್ ಕುಡಿಸಲು ಬಂದಾಗ ನಾನು ಹೊಡೆದೆನಂತೆ. ಕೈಯಲ್ಲಿ ಸ್ಟೀಲ್ ಲೋಟ ಇತ್ತಂತೆ. ಎರಡು ಸಲ ಹೊಡೆದೆನಂತೆ.

ಬೆಳಗಿನಿಂದ ಇದೊಂದೇ ಕಾಗದಕ್ಕೆ ನಾಲ್ಕು ಹಾಳೆ ಹರಿದೆ. ಅಕ್ಷರ ಓಲಾಡಿರುವುದು ಕಾಯಿಲೆಗಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಡ.

ಸುಬ್ರಾಯ

*

ಸ್ಲೈಗೋ
ಭಾನುವಾರ, 28 ಸೆಪ್ಟೆಂಬರ್ 2025

ರೀ,

ಆ ಹುಡುಗಿಯ ಬಾಯಿಗೆ ಬೀಗ ಹಾಕಬೇಕು. ಫೋನ್ ಮಾಡಿ ಚೆನ್ನಾಗಿ ಬೈದೆ. "ಹೀ ಆಸ್ಕ್ಡ್ ಮೀ, ಮಾಮ್" ಅಂದಳು. ಕೇಳಿದವರಿಗೆಲ್ಲ ಹೇಳುತ್ತಾ ಹೋಗುವುದೇ?

ನಿನ್ನೆಯಿಂದ ನೀವು ಬಲಗೈಯನ್ನು ಜೇಬಿನಿಂದ ತೆಗೆದಿಲ್ಲ. ಊಟಕ್ಕೂ ಎಡಗೈಯಲ್ಲಿ ಚಮಚ ಹಿಡಿದಿರಿ. ನಾಟಕ ಸಾಕು. ಹೊಡೆದದ್ದು ನೀವಲ್ಲ. ನೀವು ಆ ಹೊತ್ತಿಗೆ ಅಗ್ರಹಾರದ ಬಸ್ಸಿಗೆ ಕಾಯುತ್ತಿದ್ದಿರಿ, ಈ ಮನೆಯಲ್ಲೇ ಇರಲಿಲ್ಲ. ಜ್ವರದಲ್ಲಿ ಬಡಬಡಿಸಿದ್ದಕ್ಕೆ ಯಾರಾದರೂ ಲೆಕ್ಕ ಕೇಳುತ್ತಾರೆಯೇ?

ಆದರೆ ಇನ್ನು ಮುಂದೆ ಕಾಗದದಲ್ಲಿ ಸುಳ್ಳು ಬರೆಯುವುದಿಲ್ಲ. ಸುಳ್ಳು ಬರೆದು ಸಿಕ್ಕಿಬಿದ್ದೆ. ಅದಕ್ಕೆ ಇದನ್ನೂ ಬರೆಯುತ್ತೇನೆ. ಪೆಟ್ಟು ನೋಯಲಿಲ್ಲ. ನಿಮ್ಮ ಮುಖ ನೋಡಿ ಹೆದರಿದೆ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ನಿಮ್ಮನ್ನು ಕಂಡು ಹೆದರಿ ಅಡುಗೆಮನೆಯ ಬಾಗಿಲು ಹಾಕಿಕೊಂಡೆ. ಐದೇ ನಿಮಿಷ.

ಈಗ ಕೆಳಗೆ ಬನ್ನಿ. ಹೆಸರುಬೇಳೆ ದೋಸೆ ಹಾಕುತ್ತಿದ್ದೇನೆ. ಬಲಗೈಯಲ್ಲಿ ತಿನ್ನಬೇಕು.

ಜಯಶೀಲಾ

*

ಸ್ಲೈಗೋ
ಭಾನುವಾರ, 9 ನವೆಂಬರ್ 2025

ರೀ,

ಮೂರು ದಿನದಿಂದ ನಾವು ಮಾತು ಬಿಟ್ಟಿದ್ದೇವೆ. ಕಾಗದದ ಮೇಲಾದರೂ ಜಗಳ ಮುಗಿಸೋಣ.

ಬುಧವಾರ ನಿಮ್ಮ ಸಾಲುಗಳು ಸೊಟ್ಟಗಿದ್ದವು, ಸಹಿಯ ಕೊಂಬು ಎಲ್ಲೋ ಹೋಗಿತ್ತು. ನಾನೇನು ಮಾಡಬೇಕಿತ್ತು? "ಮಡಿಲ ಮೇಲೆ ಇಟ್ಕೊಂಡು ಬರೆದೆ ಮಾರಾಯ್ತಿ, ಪೆನ್ನೂ ಸರಿಯಿಲ್ಲ" ಅಂತ ನೀವು ಹೇಳಿದ್ದು ನಿಜವೇ ಇರಬಹುದು. ಆಗಸ್ಟ್‌ನಲ್ಲೂ ಇಲ್ಲಿಯವರ ಹಾಗೆ ಗ್ರ್ಯಾಂಡ್, ಚೆನ್ನಾಗಿದ್ದೇನೆ, ಅಂತಲೇ ಹೇಳಿದ್ದಿರಿ. ಇಪ್ಪತ್ತೊಂದು ಗಂಟೆ ಎಮರ್ಜೆನ್ಸಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೆವು. ಕೊನೆಗೆ ಏನೂ ಇಲ್ಲ ಅಂತ ಕಳಿಸಿದರು. ಇಷ್ಟು ದಿನದಲ್ಲಿ ಇದು ಮೂರನೆಯ ಸಲ. ಕಾರ್ ಪಾರ್ಕಿನಲ್ಲಿ ನಾನು ಅತ್ತದ್ದನ್ನು ನೀವು ನೋಡಿದಿರಿ, ಅದು ನನಗೆ ಬೇಕಿರಲಿಲ್ಲ. ನಿಮ್ಮ ಮೇಲಿನ ಬೇಸರಕ್ಕಲ್ಲ, ನಿದ್ದೆಯಿಲ್ಲದೆ ಅತ್ತೆ.

ಕಾರ್ಖಾನೆಯಲ್ಲೂ ಕಷ್ಟವಾಗುತ್ತಿದೆ. ಮ್ಯಾನೇಜರ್ ಕರೆದು ಮೆತ್ತಗೆ ಹೇಳಿದಳು, ಇನ್ನು ರಜೆ ಉಳಿದಿಲ್ಲ, ಸ್ವಲ್ಪ ನೋಡಿಕೋ ಅಂತ. ಒಳ್ಳೆಯವಳೇ. ಆದರೆ ಅಲ್ಲಿನ ಕಟ್ಟುನಿಟ್ಟು ನಿಮಗೆ ಗೊತ್ತಿಲ್ಲ. ಯಾವ ಮಾತ್ರೆ ಎಷ್ಟು ಹೊತ್ತಿಗೆ ತಯಾರಾಯಿತು, ಕೋಣೆ ಎಷ್ಟು ತಣ್ಣಗಿತ್ತು, ಎಲ್ಲವನ್ನೂ ಆಗಿಂದಾಗಲೇ ಬರೆದು ಸಹಿ ಮಾಡಬೇಕು. ಬರೆದಿಲ್ಲವೆಂದರೆ ಅದು ನಡೆದೇ ಇಲ್ಲ. ಕಾಗದ ಹೇಳಿದ್ದೇ ಸತ್ಯ ಎಂದು ನಮಗೆ ಮೊದಲ ದಿನವೇ ಕಲಿಸುತ್ತಾರೆ. ಹೋದ ತಿಂಗಳು ಡರ್ಮಟ್ ಎಂಬವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಇಪ್ಪತ್ತನಾಲ್ಕು ವರ್ಷದ ಸರ್ವಿಸ್. ಹೆಂಡತಿಯನ್ನು ಬೆಳಗ್ಗೆ ಎಲ್ಲಿಗೋ ಬಿಟ್ಟುಬರಬೇಕೆಂದು ಹಿಂದಿನ ಸಂಜೆಯೇ ಮರುದಿನದ ಹಾಳೆಯನ್ನೂ ತುಂಬಿ, ಮರುದಿನದ ತಾರೀಖು ಹಾಕಿ, ಸಹಿ ಮಾಡಿಟ್ಟಿದ್ದ. ಹಿಡಿದವಳು ನಾನೇ. ಎರಡು ದಿನದ ಶಾಯಿ ಒಂದೇ ಬಣ್ಣ, ಒಂದೇ ಒತ್ತು. ಎರಡು ನಿಮಿಷವೂ ಹಿಡಿಯಲಿಲ್ಲ ನನಗೆ. ಅವನು ಹೋಗುವಾಗ ನನ್ನ ಕಡೆ ನೋಡಲೂ ಇಲ್ಲ.

ಇದನ್ನೆಲ್ಲ ಯಾಕೆ ಬರೆದೆನೋ. ದಯವಿಟ್ಟು ಮೇಜಿನ ಮೇಲೆ ಇಟ್ಟುಕೊಂಡು, ಒಳ್ಳೆಯ ಪೆನ್ನಿನಲ್ಲಿ, ನೆಟ್ಟಗೆ ಬರೆಯಿರಿ. ನಿಮ್ಮ ಅಕ್ಷರ ಚೆನ್ನಾಗಿದ್ದ ದಿನ ನಾನು ಊಟ ಮಾಡುತ್ತೇನೆ.

ಜಯಶೀಲಾ

*

ಸ್ಲೈಗೋ
ಸೋಮವಾರ, 10 ನವೆಂಬರ್ 2025

ಶೀಲಾ,

ಮೇಜು, ಹೊಸ ಪೆನ್ನು, ನೆಟ್ಟನೆಯ ಬೆನ್ನು. ಪರೀಕ್ಷೆಗೆ ಕೂತ ಹುಡುಗನಂತಿದ್ದೇನೆ.

ಡರ್ಮಟ್‌ನ ಕಥೆ ಓದಿ ಬೇಜಾರಾಯಿತು. ಆ ದಿನ ಕೋಣೆ ತಣ್ಣಗೇ ಇತ್ತೋ ಇಲ್ಲವೋ ಅದನ್ನು ಹೇಳಲಿಲ್ಲವಲ್ಲ ನೀನು. ತಣ್ಣಗಿದ್ದಿದ್ದರೆ ಅವನು ಬರೆದದ್ದರಲ್ಲಿ ಸುಳ್ಳೇನಿದೆ? ಸರಿ, ಬೈಯಬೇಡ. ಕಾನೂನು ಕಾನೂನೇ.

ಇನ್ನು ಮೇಲೆ ನಿನಗೆ ಕಾಗದದ ಚಿಂತೆ ಇರುವುದಿಲ್ಲ. ಪಕ್ಕದ ಮನೆಯ ನೋರಾಗೂ ಹೇಳಿದ್ದೇನೆ, ದಿನಾ ಹನ್ನೊಂದಕ್ಕೆ ಬಂದು ನನ್ನ ಮುಖ ನೋಡಿಕೊಂಡು ಹೋಗುತ್ತಾಳೆ. "ಗ್ರ್ಯಾಂಡ್, ಗ್ರ್ಯಾಂಡ್, ನನಗೂ ಟೀಗೆ ಜೊತೆ ಆಯ್ತು" ಎಂದಳು. ನೀನು ಉಣ್ಣು.

ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗು.
ಸುಬ್ರಾಯ

*

ಸ್ಲೈಗೋ
ಸೋಮವಾರ, 12 ಜನವರಿ 2026

ಶೀಲಾ,

ಚೆನ್ನಾಗಿ ನಿದ್ದೆ ಬಂತು. ಸಿರಪ್ ಮೂರು ಸಲ ಕುಡಿದೆ. ಬಾಳೆಹಣ್ಣು, ಮೊಸರು ತಿಂದೆ. ಹೊಟ್ಟೆ ಹಗುರವಾಗಿದೆ.

ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗು.
ಸುಬ್ರಾಯ

*

ಸ್ಲೈಗೋ
ಗುರುವಾರ, 15 ಜನವರಿ 2026

ಶೀಲಾ,

ಕಿಟಕಿಯಲ್ಲಿ ಎಳೆಬಿಸಿಲು ಬಿದ್ದಿದೆ, ಬೆನ್‌ಬುಲ್ಬೆನ್ ಗುಡ್ಡ ಪೂರ್ತಿ ಕಾಣುತ್ತಿದೆ. ಕೆಟಲ್ ಹಾಕಿ ಟೀ ಮಾಡಿಕೊಂಡೆ. ಟಿವಿಯಲ್ಲಿ ವಾರ್ತೆ ನೋಡಿದೆ. ನೋರಾ ಬಂದು ಹೋದಳು. ಸಿರಪ್ ಮೂರು ಸಲ.

ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗು.
ಸುಬ್ರಾಯ

*

ಐಸಿಯು, ಕುಟುಂಬದವರ ಕೋಣೆ
ಭಾನುವಾರ, 18 ಜನವರಿ 2026

ರೀ,

ನಿಮ್ಮ ಬಾಯಿಯಲ್ಲಿ ನಳಿಕೆ ಇದೆ, ಕಣ್ಣು ಮುಚ್ಚಿದೆ. ಎಚ್ಚರವಾದ ಮೇಲೆ ಕಳೆದುಹೋದ ದಿನಗಳನ್ನು ಕೇಳುತ್ತೀರಿ ಅಂತ ಗೊತ್ತು. ಅದಕ್ಕೆ ಈಗಲೇ ಬರೆದಿಡುತ್ತೇನೆ. ಮೃದುವಾಗಿ ಬರೆಯುವುದಿಲ್ಲ.

ಗುರುವಾರ ಬೆಳಗ್ಗೆ ಐದಕ್ಕೇ ಗಾಳಿ ಎದ್ದಿತ್ತು. ನಾನು ಹೊರಡುವ ಮುಂಚೆಯೇ ನಮ್ಮ ಬೀದಿಯ ಕರೆಂಟು ಹೋಗಿತ್ತು. ದಿನವಿಡೀ ಮಳೆ, ಎದುರು ಮನೆಯೇ ಕಾಣದಂಥ ಮಳೆ. ನಾಲ್ಕು ಗಂಟೆಗೆ ಬಂದೆ. ಆಗಲೂ ಮನೆ ಕತ್ತಲು. ಎಂದಿನಂತೆ ಮೇಜಿನ ಮೇಲೆ ಕೆಟಲ್ ಪಕ್ಕ ನಿಮ್ಮ ಕಾಗದವಿತ್ತು. ಟಾರ್ಚ್ ಹಾಕಿ ಮೊದಲು ಅದನ್ನೇ ಓದಿದೆ. ನಿಮ್ಮನ್ನು ಕರೆಯುವ ಮುಂಚೆ ಕಾಗದ ಓದಿದೆ, ನೋಡಿ ನನ್ನ ಬುದ್ಧಿಯನ್ನು. ಎಳೆಬಿಸಿಲು. ಗುಡ್ಡ. ಕೆಟಲ್. ಟಿವಿ.

ಕರೆಂಟೇ ಇಲ್ಲದ ಮನೆಯಲ್ಲಿ ನೀವು ಟಿವಿ ನೋಡಿದ್ದಿರಿ.

ಮೆಟ್ಟಿಲು ಹತ್ತಿ ಬಂದೆ. ನೀವು ಬಾತ್‌ರೂಮಿನ ಬಾಗಿಲಿಗೆ ಅಡ್ಡಲಾಗಿ ಬಿದ್ದಿದ್ದಿರಿ. ಮೈ ಸುಡುತ್ತಿತ್ತು. ಕರೆದರೆ ಓಗೊಡಲಿಲ್ಲ, ಬಲವಾಗಿ ಚಿವುಟಿದೆ, ಆಗಲೂ ಇಲ್ಲ. ಹೊಟ್ಟೆಯ ನೀರಿಗೆ ಸೋಂಕು ತಗುಲಿದೆ, ಅದರಿಂದ ಕೊಳೆ ತಲೆಗೂ ಏರಿದೆ, ನಾಲ್ಕೈದು ದಿನವಾಗಿರಬೇಕು ಅಂತ ಡಾಕ್ಟರ್ ಹೇಳಿದರು. "ಕೈಬರಹದಲ್ಲಿ ಏನೂ ಗೊತ್ತಾಗ್ಲಿಲ್ವಾ?" ಅಂತ ಕೇಳಿದರು. ನೋರಾ ಜ್ವರ ಬಂದು ವಾರದಿಂದ ಮಲಗಿದ್ದಾಳಂತೆ, ನಿಮಗೆ ಫೋನ್ ಮಾಡಿ ಹೇಳಿದ್ದಳಂತೆ. ನೀವು ಗ್ರ್ಯಾಂಡ್ ಅಂದಿರಂತೆ. ಸಿರಪ್ಪಿನ ಬಾಟಲು ನೋಡಿದೆ. ಸೋಮವಾರ ನಾನು ತೆರೆದಿಟ್ಟಷ್ಟೇ ಇದೆ, ಇಳಿದೇ ಇಲ್ಲ.

ಶುಕ್ರವಾರ ಬಟ್ಟೆ ತರಲು ಮನೆಗೆ ಹೋದಾಗ ನಿಮ್ಮ ಮೇಜಿನ ಡ್ರಾಯರ್ ತೆಗೆದೆ. ಕ್ಲಿಪ್ ಹಾಕಿದ ಕಾಗದದ ಕಟ್ಟು. ಮೇಲಿನದು ಶುಕ್ರವಾರ 16. ಅದರ ಕೆಳಗೆ 17, 18, ಹೀಗೆ ಜನವರಿ 31ರವರೆಗೆ. ಎಲ್ಲಕ್ಕೂ ವಾರ ಸರಿ, ತಾರೀಖು ಸರಿ, ಸಹಿ ಸರಿ. ಒಂದೇ ಶಾಯಿ, ಒಂದೇ ಒತ್ತು, ಒಂದೇ ಕೂತಲ್ಲಿ ಬರೆದದ್ದು. ಆಮೇಲೆ ಮೇಜಿನ ಮೇಲಿನ ಹಳೆಯವನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಐದನೇ ತಾರೀಖಿನಿಂದಲೂ ಅದೇ.

ಡರ್ಮಟ್‌ನನ್ನು ಎರಡು ನಿಮಿಷದಲ್ಲಿ ಹಿಡಿದೆ, ನಿಮ್ಮನ್ನು ಹನ್ನೊಂದು ದಿನವಾದರೂ ಹಿಡಿಯಲಿಲ್ಲ. ಅವನ ಕಥೆ ಹೇಳಿ ದಾರಿ ತೋರಿಸಿದವಳೂ ನಾನೇ. ಮಂಗಳವಾರ ಊಟದ ತಟ್ಟೆಯ ಮುಂದೆ ತೂಕಡಿಸಿದಿರಿ. ಬುಧವಾರ ಚಪ್ಪಲಿ ತಿರುವುಮುರುವು ಹಾಕಿದ್ದಿರಿ. ನನ್ನ ಎರಡು ಕಣ್ಣೂ ನೋಡಿದವು. ಕಾಗದ ಚೆನ್ನಾಗಿದೆಯಲ್ಲ ಅಂತ ನಾನು ಹೊಟ್ಟೆ ತುಂಬ ಉಂಡು ಮಲಗಿದೆ.

ಯಾಕ್ರೀ? ಯಾಕೆ ಹೀಗೆ ಮಾಡಿದಿರಿ? ಸೋಂಕು ಇರುವುದರಿಂದ ಡಬ್ಲಿನ್‌ನವರು ಸದ್ಯಕ್ಕೆ ಹೆಸರು ತೆಗೆದಿದ್ದಾರೆ. ನಾಲ್ಕು ತಿಂಗಳು ಬಾಗಿಲ ಹತ್ತಿರ ಬ್ಯಾಗು ಇಟ್ಟುಕೊಂಡು ಕಾದದ್ದೆಲ್ಲ ಇದಕ್ಕೇನಾ? ಕಟ್ಟನ್ನು ಓದದೆ ಹಾಗೇ ಕ್ಲಿಪ್ ಹಾಕಿಟ್ಟಿದ್ದೇನೆ. ಎದ್ದು ಬನ್ನಿ, ನಿಮ್ಮ ಕೈಯಿಂದಲೇ ಒಂದೊಂದಾಗಿ ಹರಿದು ಹಾಕಿಸುತ್ತೇನೆ. ನಿಮ್ಮ ಮೇಲೆ ಇಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಎದ್ದು ಬನ್ನಿ.

ಜಯಶೀಲಾ

*

ಸ್ಲೈಗೋ
ಶನಿವಾರ, 31 ಜನವರಿ 2026

ಶೀಲಾ,

ಚೆನ್ನಾಗಿ ನಿದ್ದೆ ಬಂತು. ಸಿರಪ್ ಮೂರು ಸಲ. ಇವತ್ತು ನಿನಗೆ ರಜೆ, ಆದ್ದರಿಂದ ಹೆಚ್ಚು ಬರೆಯುವುದಿಲ್ಲ. ಹೆಸರುಬೇಳೆ ದೋಸೆ ಮಾಡು. ಬಲಗೈಯಲ್ಲಿ ತಿನ್ನುತ್ತೇನೆ.

ನಿಶ್ಚಿಂತೆಯಿಂದಿರು.
ಸುಬ್ರಾಯ

*

ಸ್ಲೈಗೋ
ಭಾನುವಾರ, 4 ಜನವರಿ 2026

ಶೀಲಾ,

ಇದಕ್ಕೆ ಹಾಕಿರುವುದು ನಿಜವಾದ ತಾರೀಖು. ನೀನು ಐಶುವನ್ನು ಕಾರ್ಕ್ ಬಸ್ಸಿಗೆ ಬಿಡಲು ಹೋಗಿದ್ದೀಯ. ತಲೆ ನೀರಿನಷ್ಟು ತಿಳಿಯಾಗಿದೆ. ಈ ಕಾಗದವನ್ನು ಕಟ್ಟಿನ ಕೊನೆಯಲ್ಲಿ ಇಡುತ್ತೇನೆ. ಇದು ನಿನ್ನ ಕೈಗೆ ಸಿಕ್ಕಿದೆ ಎಂದರೆ ನಾನು ಸಿಕ್ಕಿಬಿದ್ದಿದ್ದೇನೆ, ಇಲ್ಲವೇ ಕಟ್ಟು ಮುಗಿದಿದೆ.

ನಾಳೆಯಿಂದ ತಿಂಗಳ ಕೊನೆಯವರೆಗೆ ಇಪ್ಪತ್ತೇಳು ಕಾಗದ ಬರೆದೆ, ದಿನಾ ಮೇಲಿನದೊಂದನ್ನು ತೆಗೆದು ಕೆಟಲ್ ಪಕ್ಕ ಇಟ್ಟರಾಯಿತು. ಕೈ ನೋಯುತ್ತಿದೆ. ಹವೆಯ ಬಗ್ಗೆ ಬರೆಯಬಾರದೆಂದು ಗೊತ್ತಿತ್ತು, ಆದರೂ ಎಲ್ಲೋ ಒಂದೆರಡು ಕಡೆ ಬರೆದುಬಿಟ್ಟೆ. ಇಪ್ಪತ್ತೇಳು ದಿನಕ್ಕೆ ಬೇರೆ ಬೇರೆ ಮಾತು ಎಲ್ಲಿಂದ ತರಲಿ?

ಅಕ್ಷರ ಸೊಟ್ಟಗಾದಾಗಲೆಲ್ಲ ನೀನು ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತೀಯ, ನನ್ನ ಮುಖವನ್ನೇ ನೋಡುತ್ತಾ. ಮತ್ತೆ ಆಗಸ್ಟ್ ಬಂದರೆ, ನಾನು ನಾನಾಗಿ ಇಲ್ಲದ ಹೊತ್ತಿನಲ್ಲಿ, ಈ ಕೈಗೆ ಎಟುಕುವಷ್ಟು ಹತ್ತಿರ ಇರುವವಳು ನೀನೊಬ್ಬಳೇ. ನನ್ನನ್ನು ಕಂಡು ಹೆದರಿ ಬಾಗಿಲು ಹಾಕಿಕೊಂಡೆ ಎಂದು ಬರೆದೆಯಲ್ಲ, ಐದೇ ನಿಮಿಷ ಎಂದೂ ಬರೆದೆ. ಆ ಐದು ನಿಮಿಷ ನನ್ನನ್ನು ಬಿಟ್ಟಿಲ್ಲ. ಲಿವರ್ ಹೋದರೆ ಹೋಗಲಿ, ನೀನು ಇನ್ನೊಮ್ಮೆ ಆ ಬಾಗಿಲು ಹಾಕಿಕೊಳ್ಳುವುದು ನನ್ನಿಂದ ಆಗಬಾರದು. ಕೆಡುವುದಾದರೆ ನೀನು ಮನೆಯಲ್ಲಿಲ್ಲದಾಗ ಕೆಡಲಿ.

ಬ್ಯಾಕಪ್ ಇಲ್ಲದೆ ನಾನು ಯಾವ ಕೆಲಸವನ್ನೂ ಮಾಡಿದವನಲ್ಲ. ಹನ್ನೊಂದಕ್ಕೆ ನೋರಾ ಬರುತ್ತಾಳೆ. ನಾನು ತಪ್ಪು ತಪ್ಪಾಗಿ ಮಾತಾಡಿದರೆ ಅವಳು ಆಂಬುಲೆನ್ಸ್ ಕರೆಯುತ್ತಾಳೆ. ಎಲ್ಲ ಯೋಚಿಸಿದ್ದೇನೆ.

ಬೈಯುತ್ತೀಯ. ಬೈ, ಕೇಳಲು ಇದ್ದೇ ಇರುತ್ತೇನೆ.

ಸುಬ್ರಾಯ

*

ಸ್ಲೈಗೋ
ಭಾನುವಾರ, 1 ಫೆಬ್ರವರಿ 2026

ರೀ,

ನೀವು ಹೋಗಿ ಇವತ್ತಿಗೆ ಹತ್ತು ದಿನ. 22ರ ಗುರುವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ ಅಂತ ಡಾಕ್ಟರ್ ಬರೆದು ಸಹಿ ಮಾಡಿದರು. ತಾರೀಖು ಸರಿಯಿದೆಯೇ ಅಂತ ನಾನು ನೋಡಿದೆ. ನೋಡಿಬಿಟ್ಟೆ, ಅಭ್ಯಾಸ. ಕ್ಯಾವನ್‌ನ ಚಿತಾಗಾರದಲ್ಲಿ ಐಶುವೇ ಗುಂಡಿ ಒತ್ತಿದಳು. ಇಲ್ಲಿ ಬೆಂಕಿ ಕಾಣಿಸುವುದಿಲ್ಲ.

ಆಸ್ಪತ್ರೆಯಿಂದ ಬಂದ ಮರುದಿನ ಕಟ್ಟನ್ನು ಸುಡಲು ಹೊರಟೆ. ಆಗಲಿಲ್ಲ. ನೀವು ಮಾಡುತ್ತಿದ್ದ ಹಾಗೆಯೇ ಬೆಳಗ್ಗೆ ಆಯಾ ದಿನದ ಕಾಗದವನ್ನು ತೆಗೆದು, ಐಶುವಿಗೆ ಕಾಣದಂತೆ ಮಡಿಸಿ ಕೆಟಲ್ ಪಕ್ಕ ಇಟ್ಟೆ, ಸಂಜೆ ಓದಿದೆ. 23ರಂದು ನಿಮಗೆ ಚೆನ್ನಾಗಿ ನಿದ್ದೆ ಬಂದಿತ್ತು. 26ರಂದು, ನಿಮ್ಮನ್ನು ಸುಟ್ಟ ದಿನ, ಹೊಟ್ಟೆ ಹಗುರವಾಗಿತ್ತು. ನಿನ್ನೆ ಬೆಳಗ್ಗೆ ಕೊನೆಯದನ್ನು ತೆಗೆದಾಗ ಅದರ ಕೆಳಗೆ, ಮೊದಲ ಸಲ ನೋಡುವಾಗ ಗಮನಿಸದೆ ಬಿಟ್ಟಿದ್ದ ನಿಜವಾದ ತಾರೀಖಿನದು ಸಿಕ್ಕಿತು, ಅಲ್ಲೇ ನಿಂತು ಓದಿದೆ.

ಹೆದರಿದೆ ಅಂತ ನಾನು ಬರೆಯಬಾರದಿತ್ತು. ಕಾಗದದಲ್ಲಿ ಸುಳ್ಳು ಬರೆಯುವುದಿಲ್ಲ ಅಂತ ದೊಡ್ಡದಾಗಿ ಹೇಳಿ ಆ ಒಂದು ನಿಜವನ್ನು ಬರೆದೆ. ಅಲಮಾರಿ ಬಾಗಿಲಿನ ಸುಳ್ಳೇ ಸರಿಯಿತ್ತು. ಆದರೆ ನೀವೂ ಅರ್ಧವನ್ನೇ ಓದಿದಿರಿ ಕಣ್ರೀ. ಐದು ನಿಮಿಷದ ಮೇಲೆ ಬಾಗಿಲು ತೆಗೆದು ಹೊರಗೆ ಬಂದವಳೂ ನಾನೇ. ಬಂದು ನಿಮ್ಮ ಕೈಯಿಂದ ಲೋಟ ತೆಗೆದುಕೊಂಡೆ, ಮುಖ ಒರೆಸಿದೆ. ಅದನ್ನು ಬರೆಯುವ ಅಗತ್ಯವಿದೆ ಅಂತ ನನಗೆ ಹೊಳೆಯಲಿಲ್ಲ. ನೂರು ಸಲ ಹೊಡೆದಿದ್ದರೂ ನೂರು ಸಲ ಬಾಗಿಲು ತೆಗೆಯುತ್ತಿದ್ದೆ.

ಐಶು ನಿನ್ನೆ ಹೊರಡುವ ಮುಂಚೆ ಕೇಳಿದಳು. ಹತ್ತು ದಿನದಿಂದ ನುಂಗಿಕೊಂಡಿದ್ದಳೆಂದು ಕಾಣುತ್ತದೆ. ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು. "ಅಮ್ಮ, ಅಪ್ಪನ ರೈಟಿಂಗ್ ದಿನಾ ನೋಡ್ತಿದ್ದೆ ಅಲ್ವಾ? ನಿಂಗೆ ಗೊತ್ತಾಗ್ಲಿಲ್ವಾ?"

ಕಟ್ಟು ಡ್ರಾಯರಿನಲ್ಲೇ ಇತ್ತು. ತೆಗೆದು ತೋರಿಸಿದರೆ ಮುಗಿಯುತ್ತಿತ್ತು. ತೋರಿಸಿದರೆ ಅವಳು ಮೊದಲು ನಿಮ್ಮನ್ನು ಬೈಯುತ್ತಿದ್ದಳು, ಆಮೇಲೆ ಯಾಕೆಂದು ಕೇಳುತ್ತಿದ್ದಳು, ಕೊನೆಗೆ ಲೋಟದ ಪೆಟ್ಟಿನ ಬಗ್ಗೆ ಫೋನಿನಲ್ಲಿ ತಾನು ನಿಮಗೆ ಹೇಳಿದ ಮಾತಿಗೆ ಬಂದು ನಿಲ್ಲುತ್ತಿದ್ದಳು. ಇಪ್ಪತ್ತು ವರ್ಷದ ಹುಡುಗಿ, ಬದುಕಿಡೀ ಅದನ್ನು ಹೊರಬೇಕಾಗುತ್ತಿತ್ತು.

"ನೋಡ್ದೆ ಕಂದಾ. ಕೆಟ್ಟಿತ್ತು. ಕೆಲ್ಸದ ಗಡಿಬಿಡೀಲಿ ನಾನೇ ಗಮನಿಸ್ಲಿಲ್ಲ" ಅಂದೆ.

ಅವಳು ಬ್ಯಾಗು ಎತ್ತಿಕೊಂಡು ಬಸ್ಸಿಗೆ ಹೋದಳು. ತಲುಪಿದ ಮೇಲೆ ಫೋನ್ ಮಾಡಲಿಲ್ಲ. ಮಾಡದಿರಲಿ. ನಿಮ್ಮ ಮೇಲೆ ಅವಳಿಗೆ ಒಂದು ಚೂರೂ ಸಿಟ್ಟಿಲ್ಲ, ಅಷ್ಟು ಸಾಕು.

ನನಗಿದೆ. ಆರಿಲ್ಲ, ಆರುವುದೂ ಇಲ್ಲ. ಕೇಳಲು ಇದ್ದೇ ಇರುತ್ತೇನೆ ಅಂತ ಬರೆದು ಹೋದವರು ನೀವು.

ಇವತ್ತು ಬೆಳಗ್ಗೆ ಕೆಟಲ್ ಪಕ್ಕ ಇಡಲು ಏನೂ ಇರಲಿಲ್ಲ. ನಾಳೆ ಸೋಮವಾರ, ಫೆಬ್ರವರಿ 2. ಕೆಲಸಕ್ಕೆ ಹೋಗುತ್ತೇನೆ.

ಜಯಶೀಲಾ